ಸೈದ್ಧಾಂತಿಕ ಭೌತಶಾಸ್ತ್ರಕ್ಕೆ ಯಾವ ದಾರಿ?

ಹತ್ತನೆಯ ತರಗತಿಯ ಫಲಿತಾಂಶ ಬಂದ ವಾರ ಸಂಗನಕಲ್ಲಿನ ಮನೆಗಳಲ್ಲಿ ಏಳುವ ಪ್ರಶ್ನೆ ತಮಗೆ ತಿಳಿದದ್ದೇ: ಎಂಜಿನಿಯರೋ, ಡಾಕ್ಟರೋ? ನಡುವೆ ಮಗಳು ಸೈದ್ಧಾಂತಿಕ ಭೌತಶಾಸ್ತ್ರ ಓದುತ್ತೇನೆಂದರೆ ಹಿರಿಯರಿಗೆ ಗಾಬರಿ. ಅದೇನು, ಅದರಿಂದ ಅನ್ನ ಹುಟ್ಟೀತೆ? ಕನ್ನಡ ಪಂಡಿತನಿಗೇಕೆ ಈ ಮಾತು ಎನ್ನುವಿರಾ? ತಾಯಿತಂದೆಗಳು ಕೇಳುವುದು ಎದುರಿಗೆ ಸಿಕ್ಕ ಮೇಷ್ಟರನ್ನೇ.

ನಮ್ಮ ಕುಪ್ಪಗಲ್ಲು ಬೆಟ್ಟದಲ್ಲಿ ಬಡಿದರೆ ಗಂಟೆಯಂತೆ ನುಡಿದು ಮೆಲ್ಲಗೆ ಅಡಗುವ ಕರಿಬಂಡೆಗಳಿವೆಯಷ್ಟೆ. (ಪುರಾತನ ಚಿತ್ರಗಳಿರುವ ಅವುಗಳನ್ನು ಮಕ್ಕಳು ಬಡಿಯದಿರಲಿ.) ನಾದ ಬಂಡೆಯ ಆಕಾರ ಗಾತ್ರಗಳನ್ನು ಅನುಸರಿಸುತ್ತದೆ. ಬಡಿಯದೆಯೇ ಆ ನಾದವನ್ನು ಗಣಿತದಿಂದ ಹೇಳುವುದು ಸೈದ್ಧಾಂತಿಕನ ಕೆಲಸ. ಕನ್ನಡ ಸಾಹಿತಿ ಸಿ. ಕೆ. ವೆಂಕಟರಾಮಯ್ಯನವರ ಮಗ ಸಿ. ವಿ. ವಿಶ್ವೇಶ್ವರ ಅವರು ಕಪ್ಪುಕುಳಿಯ ವಿಷಯದಲ್ಲಿ ಮಾಡಿದ್ದು ಇದನ್ನೇ. ಕದಡಿದ ಕಪ್ಪುಕುಳಿ ಹೇಗೆ ಮಿಡಿದು ಶಾಂತವಾಗುತ್ತದೆಂದು 1970ರಲ್ಲಿ ಪ್ರಕಟಿಸಿದರು. ಕಪ್ಪುಕುಳಿಗಳಿಂದ ಹೊರಟ ಗುರುತ್ವದ ಅಲೆ ಭೂಮಿಯ ಉಪಕರಣಗಳಿಗೆ ಮೊದಲು ಸಿಕ್ಕಿದ್ದು 2015ರಲ್ಲಿ. ಅವರು ಮೈಸೂರು ವಿಶ್ವವಿದ್ಯಾನಿಲಯದ ಪದವಿ ಪಡೆದು, ಅಮೆರಿಕದಲ್ಲಿ ಸಂಶೋಧನೆ ಮಾಡಿದವರು.

ಇನ್ನು ದಾರಿ. ಪಿ.ಯು.ಸಿ.ಯಲ್ಲಿ ವಿಜ್ಞಾನ, ಗಣಿತವನ್ನಂತೂ ಬಿಡಕೂಡದು. ಆಮೇಲೆ ನೇರವಾಗಿ ಹೋಗುವುದಾದರೆ ಐಸರ್ ಎಂಬ ಏಳು ಕೇಂದ್ರ ಸಂಸ್ಥೆಗಳಿವೆ, ಐದು ವರ್ಷದ ಓದು. ನಮಗೆ ಸಮೀಪದ್ದು ತಿರುಪತಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನಾಲ್ಕು ವರ್ಷದ ಪದವಿಯುಂಟು. ಅಲ್ಲಿ ಸ್ಥಾನ ಸಿಗದಿದ್ದರೆ ಬಾಗಿಲು ಮುಚ್ಚಿತೆಂದಲ್ಲ. ಬಳ್ಳಾರಿಯಲ್ಲೇ ಭೌತಶಾಸ್ತ್ರ, ಗಣಿತ ತೆಗೆದುಕೊಂಡು ಬಿ.ಎಸ್ಸಿ. ಮುಗಿಸಿ, ಜಾಮ್ ಪರೀಕ್ಷೆ ಬರೆದು ಐ.ಐ.ಟಿ.ಗಳ ಎಂ.ಎಸ್ಸಿ.ಗೋ ವಿಜ್ಞಾನ ಸಂಸ್ಥೆಯ ಸಂಯುಕ್ತ ಪಿಎಚ್.ಡಿ.ಗೋ ಹೋಗಬಹುದು. ಖರ್ಚು ಕಡಮೆ. ಆದರೆ ಕಾಲೇಜಿನ ಟಿಪ್ಪಣಿ ಸಾಲದು. ಲೆಕ್ಕಗಳನ್ನು ತಾನೇ ಬಿಡಿಸಬೇಕು, ಇಂಗ್ಲಿಷ್ ಪುಸ್ತಕ ಓದಲು ಕಲಿಯಬೇಕು. ಕನ್ನಡ ಮಾಧ್ಯಮದ ಮಕ್ಕಳಿಗೆ ಮೊದಲ ವರ್ಷ ಕಷ್ಟ, ಅಸಾಧ್ಯವಲ್ಲ. ಎಂಜಿನಿಯರಿಂಗ್ ಮುಗಿಸಿ ಈ ಕಡೆಗೆ ಹೊರಳಿದವರೂ ಉಂಟು.

ಅನ್ನದ ಮಾತನ್ನು ಮುಚ್ಚಿಡಲಾರೆ. ಪಿಎಚ್.ಡಿ. ಮುಗಿಯುವ ಹೊತ್ತಿಗೆ ವಯಸ್ಸು ಇಪ್ಪತ್ತೇಳು ದಾಟಿರುತ್ತದೆ. ಆ ಅವಧಿಯಲ್ಲಿ ಕೇಂದ್ರದ ಸಂಶೋಧನಾ ವೇತನ 2023ರಿಂದ ತಿಂಗಳಿಗೆ 37,000 ರೂಪಾಯಿಯಾಗಿದೆ. ಅನಂತರ ಕೆಲವು ವರ್ಷ ತಾತ್ಕಾಲಿಕ ಹುದ್ದೆ. ಖಾಯಂ ಹುದ್ದೆಗಳು ಕೆಲವೇ. ಉಳಿದವರು ಆ ಗಣಿತ, ಕಂಪ್ಯೂಟರ್ ಕೌಶಲಗಳಿಂದ ಬೇರೆಡೆ ದುಡಿಯುತ್ತಾರೆ. ಮನೆಯವರು ಇದನ್ನು ತಿಳಿದೇ ಒಪ್ಪಬೇಕು. ಹುಡುಗಿಯ ಮದುವೆಯ ಮಾತನ್ನು ನಡುವೆ ತಂದು ಓದು ಕೆಡಿಸಬಾರದು.

ಐಸರ್ ಅರ್ಜಿಯ ದಿನ ಎರಡನೆಯ ಪಿ.ಯು.ಸಿ. ಪರೀಕ್ಷೆಯ ಗದ್ದಲದಲ್ಲೇ ಬಂದುಹೋಗುತ್ತದೆ. ಅದರಲ್ಲಿ ಜೀವಶಾಸ್ತ್ರದ ಪ್ರಶ್ನೆಗಳೂ ಉಂಟು. ಆ ಪುಸ್ತಕವನ್ನು ರದ್ದಿಗೆ ಹಾಕಬೇಡಿ.