ಮರುಭೂಮಿಗೆ ಟ್ರೇಲರ್ ಎಳೆಯುವ ಮುನ್ನ

ಲಾಸ್ ಏಂಜಲೀಸ್‌ನಿಂದ ಲಾಸ್ ವೇಗಸ್‌ಗೆ ಹೋಗೋ ಐ-15 ಹೆದ್ದಾರಿ ಮೊಹಾವಿ ಮರುಭೂಮಿಯನ್ನ ಹಾದು ಹೋಗುತ್ತೆ. ದಾರಿಯಲ್ಲಿ ಬೇಕರ್ ಅನ್ನೋ ಊರು. ಅಲ್ಲಿ 134 ಅಡಿ ಎತ್ತರದ ಥರ್ಮಾಮೀಟರ್ ನಿಂತಿದೆ. 1913ರಲ್ಲಿ ಡೆತ್ ವ್ಯಾಲಿಯಲ್ಲಿ ದಾಖಲಾದ 134 ಡಿಗ್ರಿ ಫ್ಯಾರನ್‌ಹೀಟ್, ಅಂದ್ರೆ ಸುಮಾರು 57 ಡಿಗ್ರಿ ಸೆಲ್ಸಿಯಸ್‌ನ ಗುರುತು ಅದು.

ಬೇಕರ್ ದಾಟಿದ್ಮೇಲೆ ಶುರು ಅಸಲಿ ಪರೀಕ್ಷೆ. ಊರು ಇರೋದು ಸುಮಾರು 900 ಅಡಿ ಎತ್ತರದಲ್ಲಿ, ಮುಂದೆ ಸಿಗೋ ಮೌಂಟನ್ ಪಾಸ್ 4,700 ಅಡಿಯಲ್ಲಿ. ಹಿಂದೆ ಟ್ರೇಲರ್ ಇದ್ರೆ ಎಂಜಿನ್ ಏದುಸಿರು ಬಿಡುತ್ತೆ. ಎಸಿ ಆಫ್ ಮಾಡಿ ಅಂತ ರಸ್ತೆ ಬದಿಯಲ್ಲೇ ಬೋರ್ಡ್ ಇದೆ, ದಯವಿಟ್ಟು ಪಾಲಿಸಿ. ಮುಳ್ಳು ಕೆಂಪಿನತ್ತ ಹೋದ್ರೆ ಹೀಟರ್ ಹಾಕಿ. ಎಂಜಿನ್ನಿನ ಬಿಸಿ ಒಳಗೆ ಬರುತ್ತೆ, ನೀವು ಬೆವರ್ತೀರಿ, ಎಂಜಿನ್ ಉಳಿಯುತ್ತೆ. ನಿಲ್ಲಿಸಿದ ತಕ್ಷಣ ರೇಡಿಯೇಟರ್ ಮುಚ್ಚಳಕ್ಕೆ ಮಾತ್ರ ಕೈ ಹಾಕ್ಬೇಡಿ!

ನನಗೆ ಅದಕ್ಕಿಂತ ಭಯ ಟೈರಿನದ್ದು. ಗಾಳಿ ಕಮ್ಮಿ ಇದ್ರೆ ಟೈರಿನ ಪಕ್ಕೆ ಬಾಗಿ ಬಾಗಿ ಕಾಯುತ್ತೆ, ಕೊನೆಗೆ ಸಿಡಿಯುತ್ತೆ. ಬೆಳಿಗ್ಗೆ ಟೈರ್ ತಣ್ಣಗಿರುವಾಗಲೇ ಗಾಳಿ ನೋಡಿ. ಸಾಮಾನೆಲ್ಲ ಹಿಂದಕ್ಕೆ ಪೇರಿಸ್ಬೇಡಿ, ಟ್ರೇಲರ್ ಓಲಾಡುತ್ತೆ.

ಕ್ಯಾಲಿಫೋರ್ನಿಯಾದಲ್ಲಿ ಟ್ರೇಲರ್ ಎಳೆಯೋ ಗಾಡಿಗೆ ಗಂಟೆಗೆ 55 ಮೈಲಿ ಮಿತಿ. ಅದನ್ನ ಮೀರ್ಬೇಡಿ. ಕುಡಿಯೋ ನೀರು ಧಾರಾಳವಾಗಿ ತುಂಬಿಸ್ಕೊಂಡು, ನಸುಕಿನಲ್ಲೇ ಹೊರಡಿ.