‘ಪರವಾಗಿಲ್ಲ ಸಿಸ್ಟರ್’ ಅಂದರೆ ಏನರ್ಥ?

“ಹೇಗಿದ್ದೀರಾ?” ಅಂತ ಕೇಳಿದರೆ ನಮ್ಮ ವಾರ್ಡಿನ ಹಿರಿಯರು ಸಾಮಾನ್ಯವಾಗಿ ಹೇಳೋದು ಒಂದೇ ಮಾತು: “ಪರವಾಗಿಲ್ಲ ಸಿಸ್ಟರ್.” ಸ್ಟಾಫ್ ನರ್ಸ್ ಆದ ನಾನು ಆ ಉತ್ತರ ಕೇಳಿದ ಮೇಲೂ ಅವರ ಮುಖ, ಮುಷ್ಟಿ, ಪಕ್ಕದ ನೀರಿನ ಬಾಟಲಿ ಎಲ್ಲವನ್ನೂ ಒಮ್ಮೆ ನೋಡ್ತೀನಿ.

ಬಾಟಲಿ ಯಾಕೆ ಅಂತೀರಾ? ಸೊಂಟದ ಆಪರೇಷನ್ ಆಗಿದ್ದ ಅಜ್ಜಿಯೊಬ್ಬರ ಬಾಟಲಿ ಸಂಜೆಯಾದರೂ ತುಂಬಿಯೇ ಇತ್ತು. ನೋವು 0ಯಿಂದ 10ರೊಳಗೆ ಎಷ್ಟಿದೆ ಅಂದರೆ, “ಎರಡೋ ಮೂರೋ ಇರಬೇಕು ಕಣಮ್ಮ” ಅಂದರು. ಪಕ್ಕ ಕೂತು ಮೆಲ್ಲಗೆ ವಿಚಾರಿಸಿದಾಗ ವಿಷಯ ಹೊರಬಿತ್ತು. ನೀರು ಕುಡಿದರೆ ಬೆಡ್‌ಪ್ಯಾನ್ ಕೇಳಬೇಕು, ಮಗನ ಎದುರಿಗೆ ಹೇಗೆ ಕೇಳೋದು? ಮಗನನ್ನು ಕಾಫಿಗೆ ಕಳಿಸಿದೆ, ಪರದೆ ಎಳೆದೆ. “ನೀವು ಕರೆಯೋದೇ ಬೇಡ, ಎರಡು ಗಂಟೆಗೊಮ್ಮೆ ನಾನೇ ಬರ್ತೀನಿ” ಅಂದೆ. ರಾತ್ರಿ ಊಟದ ಹೊತ್ತಿಗೆ ಅರ್ಧ ಬಾಟಲಿ ಖಾಲಿಯಾಗಿತ್ತು. ಇದು ಬರೀ ಸಂಕೋಚದ ಮಾತಲ್ಲ. ನೀರು ಕಡಿಮೆಯಾದರೆ ಮಲಬದ್ಧತೆ, ಮೂತ್ರದ ಸೋಂಕು ಬರುವ ಸಾಧ್ಯತೆ ಹೆಚ್ಚುತ್ತೆ.

ನೋವಿಗೆ ಮಾತ್ರೆ ಕೊಟ್ಟಾಕ್ಷಣ ರೋಗಿಗೆ ನೆಮ್ಮದಿ ಸಿಕ್ಕಿತು ಅನ್ನೋ ಹಾಗಿಲ್ಲ. ಅಮೆರಿಕದ ನರ್ಸ್ ಕ್ಯಾಥರೀನ್ ಕೋಲ್ಕಾಬಾ 1990ರ ದಶಕದಲ್ಲಿ ರೂಪಿಸಿದ ‘ಕಂಫರ್ಟ್ ಥಿಯರಿ’ ದೇಹದ ಜೊತೆಗೆ ಮನಸ್ಸು, ಸುತ್ತಲಿನ ವಾತಾವರಣ, ಸಂಬಂಧಗಳನ್ನೂ ಲೆಕ್ಕಕ್ಕೆ ತಗೊಳ್ಳುತ್ತೆ. 1984ರಲ್ಲಿ ಪ್ರಕಟವಾದ ರೋಜರ್ ಉಲ್ರಿಚ್ ಅವರ ಅಧ್ಯಯನದಲ್ಲಿ, ಪಿತ್ತಕೋಶದ ಆಪರೇಷನ್ ಆದವರ ಪೈಕಿ ಕಿಟಕಿಯಾಚೆ ಮರ ಕಾಣುತ್ತಿದ್ದವರಿಗೆ, ಇಟ್ಟಿಗೆ ಗೋಡೆ ಕಾಣುತ್ತಿದ್ದವರಿಗಿಂತ ಪ್ರಬಲ ನೋವುನಿವಾರಕ ಕಡಿಮೆ ಬೇಕಾಗಿತ್ತು. ಎಲ್ಲ ಮಂಚವನ್ನೂ ಕಿಟಕಿ ಪಕ್ಕ ಹಾಕೋಕೆ ನಮಗಾಗಲ್ಲ. ಆದರೆ ರಾತ್ರಿ ತಲೆಮೇಲಿನ ದೀಪ ಆರಿಸಬಹುದು, ಕಾರಿಡಾರಿನಲ್ಲಿ ದನಿ ತಗ್ಗಿಸಬಹುದು, ಸೂಜಿ ಚುಚ್ಚೋ ಮೊದಲು ಒಂದು ಮಾತು ಹೇಳಬಹುದು.

ಅಟೆಂಡರ್ ಆಗಿ ಬರುವ ನೀವೂ ಇದರಲ್ಲಿ ಕೈಜೋಡಿಸಬಹುದು:

• ಕರೆಗಂಟೆ, ಕನ್ನಡಕ, ಕಿವಿಯ ಮೆಷಿನ್ ಅವರ ಕೈಗೆಟಕುವಂತಿರಲಿ.
• “ಏನಾದ್ರೂ ಬೇಕಾ?” ಅಂದರೆ “ಬೇಡ” ಅಂತಾರೆ. “ದಿಂಬು ಎತ್ತರಿಸಲಾ? ಬಾತ್‌ರೂಮಿಗೆ ಹೋಗಬೇಕಾ?” ಅಂತ ಬಿಡಿಸಿ ಕೇಳಿ.
• ಮನೆಯಲ್ಲಿ ಯಾವ ಮಗ್ಗುಲಲ್ಲಿ ಮಲಗ್ತಾರೆ, ಎಷ್ಟು ಗಂಟೆಗೆ ಕಾಫಿ ಕುಡೀತಾರೆ, ನಮಗೆ ತಿಳಿಸಿ. ಆಪರೇಷನ್ ಆಗಿದ್ದರೆ ಮಗ್ಗುಲು ಬದಲಿಸೋ ಮೊದಲು ನಮ್ಮನ್ನು ಕೇಳಿ.
• ವಿಡಿಯೋ ನೋಡೋದಾದರೆ ಇಯರ್‌ಫೋನ್ ಹಾಕ್ಕೊಳ್ಳಿ.

ಇನ್ನೊಂದು ಮಾತು. ದಿನಕ್ಕೊಮ್ಮೆಯಾದರೂ ಹತ್ತು ನಿಮಿಷ ಹೊರಗೆ ಹೋಗಿಬನ್ನಿ. ನಿಮ್ಮೆದುರು ಹೇಳಲಾಗದ್ದನ್ನು ಅಪ್ಪನೋ ಅಮ್ಮನೋ ನಮ್ಮ ಹತ್ತಿರ ಹೇಳಿಕೊಳ್ಳಬಹುದು.