ನಿಮಗಿದು ಗೊತ್ತೇ? ಬುಟ್ಟಿ, ಚೆಂಡು, ಸುತ್ತ ನಿಂತ ಜನ

◆ ಬ್ಯಾಸ್ಕೆಟ್‌ಬಾಲ್ ಆಡುವ ಜಾಗಕ್ಕೂ ಪತ್ರಿಕೆಯ ಈ ಬರಹಕ್ಕೂ ಕನ್ನಡದಲ್ಲಿ ಒಂದೇ ಹೆಸರು: ಅಂಕಣ. ಹಳೆಯ ಮಣ್ಣಿನ ಮಾಳಿಗೆ ಮನೆಯನ್ನೂ ನಮ್ಮ ಕಡೆ ಅಂಕಣದ ಲೆಕ್ಕದಲ್ಲೇ ಹೇಳುವುದು. ‘ಎಷ್ಟು ಅಂಕಣದ ಮನಿ?’ ಎಂದರೆ ಕಂಬ ಕಂಬದ ನಡುವೆ ಎಷ್ಟು ಜಾಗಗಳಿವೆ ಎಂದರ್ಥ. ಬ್ಯಾಸ್ಕೆಟ್‌ಬಾಲ್‌ಗೂ ಕಂಬ ಎರಡು, ನಡುವೆ ಆಡುವ ಜಾಗ ಒಂದು. ಈ ಹೆಸರಿಟ್ಟವರು ಯಾರೋ, ಬಲು ಚೆಂದ ಇಟ್ಟಿದ್ದಾರೆ.

◆ ಆ ಅಂಕಣದ ಉದ್ದ 28 ಮೀಟರ್, ಅಗಲ 15 ಮೀಟರ್. ಗುಂಟೆಯಲ್ಲಿ ಹೇಳಿದರೆ ನಾಲ್ಕು ಗುಂಟೆ ಮತ್ತು ಚೂರು ಜಾಸ್ತಿ. ಒಂದು ಎಕರೆ ಹೊಲದಲ್ಲಿ ಇಂಥ ಒಂಬತ್ತು ಅಂಕಣ ಹಿಡಿಯುತ್ತವೆ.

◆ ರಿಂಗಿನ ಅಗಲ 45 ಸೆಂಟಿಮೀಟರ್, ಚೆಂಡಿನ ಅಗಲ ಸುಮಾರು 24. ಎರಡು ಚೆಂಡು ಪಕ್ಕಪಕ್ಕ ಇಟ್ಟು ತೂರಿಸಲು ಬರೀ ಮೂರು ಸೆಂಟಿಮೀಟರ್ ಸಾಲದು. ಕೆಳಗೆ ನಿಂತು ನೋಡುವವರಿಗೆ ಮಾತ್ರ ಚೆಂಡು ಒಂದೇ ಹೋಗುವುದೂ ಕಷ್ಟವೆನ್ನಿಸುತ್ತದೆ.

◆ ಈ ಆಟ ಹುಟ್ಟಿದ್ದು 1891ರ ಡಿಸೆಂಬರ್‌ನಲ್ಲಿ, ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಊರಿನ ಒಂದು ತರಬೇತಿ ಶಾಲೆಯಲ್ಲಿ. ಹೊರಗೆ ಹಿಮ, ಒಳಗೆ ಬೇಸತ್ತು ಗಲಾಟೆ ಮಾಡುವ 18 ಹುಡುಗರು. ‘ಇವರಿಗೊಂದು ಹೊಸ ಆಟ ಕಟ್ಟಿಕೊಡು, ಎರಡು ವಾರ ಟೈಮು’ ಎಂದು ಮೇಲಿನವರು ಹೇಳಿದ್ದು ಜೇಮ್ಸ್ ನೈಸ್ಮಿತ್ ಎಂಬ ಕೆನಡಾದ ಮಾಸ್ತರರಿಗೆ. ಅವರು ಶಾಲೆಯ ಜವಾನನ ಹತ್ತಿರ ಎರಡು ಪೆಟ್ಟಿಗೆ ಕೇಳಿದರು. ಅವನ ಹತ್ತಿರ ಇದ್ದದ್ದು ಪೀಚ್ ಹಣ್ಣಿನ ಬುಟ್ಟಿಗಳು. ಪೆಟ್ಟಿಗೆ ಸಿಕ್ಕಿದ್ದರೆ ಈ ಆಟಕ್ಕೆ ಇವತ್ತು ಬೇರೆಯದೇ ಹೆಸರಿರುತ್ತಿತ್ತು.

◆ ರಿಂಗು ಹತ್ತು ಅಡಿ ಎತ್ತರವೇ ಏಕೆ? ಆ ಶಾಲೆಯ ಉಪ್ಪರಿಗೆಯ ಕಟಕಟೆ ಅಷ್ಟು ಎತ್ತರದಲ್ಲಿತ್ತು, ಬುಟ್ಟಿಗೆ ಮೊಳೆ ಹೊಡೆದದ್ದು ಅದಕ್ಕೇ. ಇವತ್ತಿನ 3.05 ಮೀಟರಿಗೆ ಬೇರೆ ಯಾವ ಲೆಕ್ಕಾಚಾರವೂ ಇಲ್ಲ.

◆ ಮೊದಲ ಪಂದ್ಯದಲ್ಲಿ ಒಂದು ಕಡೆಗೆ ಒಂಬತ್ತು ಜನ. ಫಲಿತಾಂಶ 1–0. ಬುಟ್ಟಿಗೆ ತಳ ಇದ್ದುದರಿಂದ ಒಳಗೆ ಬಿದ್ದ ಚೆಂಡನ್ನು ಏಣಿ ಹತ್ತಿ ತೆಗೆಯಬೇಕಾಗಿತ್ತು.

◆ ರಿಂಗಿನ ಹಿಂದಿನ ಬೋರ್ಡ್ ಚೆಂಡು ಬಡಿದು ತಿರುಗಿ ಬರಲಿ ಎಂದು ಬಂದದ್ದಲ್ಲ. ಉಪ್ಪರಿಗೆಯಲ್ಲಿ ನಿಂತ ಅಭಿಮಾನಿಗಳು ತಮ್ಮ ತಂಡದ ಚೆಂಡು ಬಂದರೆ ಕೈ ಚಾಚಿ ಬುಟ್ಟಿಗೆ ತಳ್ಳುತ್ತಿದ್ದರು, ಎದುರಾಳಿಯ ಚೆಂಡು ಬಂದರೆ ಹೊರಗೆ ನೂಕುತ್ತಿದ್ದರು. ಅವರ ಕೈ ತಡೆಯಲು ಅಡ್ಡ ಕಟ್ಟಿದ್ದೇ ಈ ಹಲಗೆ. ಚೆಂಡನ್ನು ಅದಕ್ಕೆ ಬಡಿದು ಹಾಕುವ ಕಲೆಯನ್ನು ಆಟಗಾರರು ಆಮೇಲೆ ಕಂಡುಕೊಂಡರು. ಈ ಆಟದ ಪುಸ್ತಕ ಓದಿದಷ್ಟೂ ನನಗೆ ಗಟ್ಟಿಯಾಗುತ್ತ ಬಂದ ಮಾತು ಇದು: ಬ್ಯಾಸ್ಕೆಟ್‌ಬಾಲ್‌ನ ಎಷ್ಟೋ ನಿಯಮಗಳನ್ನು ಬರೆಸಿದವರು ಆಡಿದವರಲ್ಲ, ನೋಡಿದವರು.

◆ ಇನ್ನೊಂದು ಸಾಕ್ಷಿ. ಚೆಂಡು ಗೆರೆ ದಾಟಿದರೆ ಮೊದಲು ಮುಟ್ಟಿದವರಿಗೇ ಸೇರಬೇಕು ಎಂಬ ನಿಯಮ ಆಗ ಇತ್ತು. ಆಟಗಾರರು ಪ್ರೇಕ್ಷಕರ ಮಧ್ಯೆ ನುಗ್ಗಿ ಕಿತ್ತಾಡುತ್ತಿದ್ದರು. ಕೆಲವೆಡೆ ಅಂಕಣದ ಸುತ್ತ ತಂತಿ ಬಲೆ ಕಟ್ಟಿದರು. ಬ್ಯಾಸ್ಕೆಟ್‌ಬಾಲ್ ಆಟಗಾರರನ್ನು ಅಮೆರಿಕದ ಪತ್ರಿಕೆಗಳು ‘ಕೇಜರ್ಸ್’, ಅಂದರೆ ಪಂಜರದವರು, ಎಂದು ಕರೆದದ್ದು ಹೀಗೆ.

◆ 24 ಸೆಕೆಂಡಿನ ಗಡಿಯಾರದ ಕಥೆಯೂ ಅಷ್ಟೇ. 1950ರ ನವೆಂಬರ್ 22ರಂದು ವೃತ್ತಿಪರ ಲೀಗಿನ ಒಂದು ಪಂದ್ಯ 19–18ರಲ್ಲಿ ಮುಗಿಯಿತು. ಆ ಕಾಲದಲ್ಲಿ ಮುಂದಿದ್ದ ತಂಡ ಚೆಂಡು ಹಿಡಿದು ಕಾಲ ಕಳೆಯುವುದು, ಜನ ಬೇಸತ್ತು ಎದ್ದು ಹೋಗುವುದು. ಸಿರಾಕ್ಯೂಸ್ ತಂಡದ ಮಾಲೀಕ ಡ್ಯಾನಿ ಬಿಯಾಸೋನ್ ಒಂದು ಲೆಕ್ಕ ಹಾಕಿದರು. ಜನ ಮೆಚ್ಚುವ ಪಂದ್ಯದಲ್ಲಿ ಎರಡೂ ತಂಡ ಸೇರಿ ಸುಮಾರು 120 ಬಾರಿ ಬುಟ್ಟಿಗೆ ಎಸೆಯುತ್ತಾರೆ. ಪಂದ್ಯದ ಅವಧಿ 48 ನಿಮಿಷ, ಅಂದರೆ 2,880 ಸೆಕೆಂಡು. ಭಾಗಿಸಿದರೆ 24. ಚೆಂಡು ಸಿಕ್ಕ ತಂಡ 24 ಸೆಕೆಂಡಿನೊಳಗೆ ಬುಟ್ಟಿಗೆ ಎಸೆಯಬೇಕು ಎಂಬುದು 1954ರಿಂದ ನಿಯಮವಾಯಿತು. ಕಾಲೇಜು ಪುರುಷರ ಪಂದ್ಯಕ್ಕೆ ಗಡಿಯಾರ ಬಂದದ್ದು ತೀರಾ ತಡವಾಗಿ, 1985ರಲ್ಲಿ. ಆಗ 45 ಸೆಕೆಂಡು, ಆಮೇಲೆ 35, ಈಗ 30.

◆ ಹೆಣ್ಣುಮಕ್ಕಳ ಮೊದಲ ಅಂತರ ಕಾಲೇಜು ಪಂದ್ಯ ನಡೆದದ್ದು 1896ರ ಏಪ್ರಿಲ್ 4ರಂದು, ಸ್ಟ್ಯಾನ್‌ಫರ್ಡ್ ಮತ್ತು ಬರ್ಕ್ಲಿ ನಡುವೆ. ಫಲಿತಾಂಶ 2–1, ಗೆದ್ದದ್ದು ಸ್ಟ್ಯಾನ್‌ಫರ್ಡ್. ಒಳಗೆ ಗಂಡಸರಿಗೆ ಪ್ರವೇಶವೇ ಇರಲಿಲ್ಲ.

◆ ಅಲ್ಲಿಂದ 127 ವರ್ಷ ಮುಂದೆ ಬನ್ನಿ. 2023ರ ಅಕ್ಟೋಬರ್‌ನಲ್ಲಿ ಅಯೋವಾ ವಿಶ್ವವಿದ್ಯಾಲಯದ ಹುಡುಗಿಯರ ಪಂದ್ಯವನ್ನು ಫುಟ್‌ಬಾಲ್ ಕ್ರೀಡಾಂಗಣದಲ್ಲಿ, ಬಯಲಲ್ಲೇ ಆಡಿಸಿದರು. ಬಂದ ಜನ 55,646. ಬಹುತೇಕರು ಬಂದದ್ದು ಕೈಟ್ಲಿನ್ ಕ್ಲಾರ್ಕ್ ಎಂಬ ಆಟಗಾರ್ತಿಯನ್ನು ನೋಡಲು. ಆಕೆ ಕಾಲೇಜು ಮುಗಿಸುವಾಗ ಗಳಿಸಿದ್ದ ಅಂಕ 3,951. ಪುರುಷರಲ್ಲಿ ಪೀಟ್ ಮರಾವಿಚ್ ಮಾಡಿದ್ದ 3,667 ಅಂಕಗಳ ಹಳೆಯ ದಾಖಲೆಯನ್ನೂ ಆಕೆ ದಾಟಿದ್ದಳು. 2024ರಲ್ಲಿ ಆಕೆಯ ತಂಡ ಅಮೆರಿಕದ ಕಾಲೇಜು ಟೂರ್ನಿಯ ಫೈನಲ್‌ನಲ್ಲಿ ಸೌತ್ ಕ್ಯಾರೊಲೈನಾ ಎದುರು 87–75ರಲ್ಲಿ ಸೋತಿತು. ಆ ಫೈನಲ್ಲನ್ನು ಟಿ.ವಿ.ಯಲ್ಲಿ ನೋಡಿದವರು ಸುಮಾರು 1 ಕೋಟಿ 89 ಲಕ್ಷ ಜನ, ಅದೇ ವರ್ಷ ಗಂಡಸರ ಫೈನಲ್ ನೋಡಿದವರಿಗಿಂತ ಸುಮಾರು 40 ಲಕ್ಷ ಹೆಚ್ಚು. ಹೆಣ್ಣುಮಕ್ಕಳ ಆಟಕ್ಕೆ ಜನ ಬರುವುದಿಲ್ಲ ಎನ್ನುವವರು ಈ ಅಂಕಿಯನ್ನು ಬರೆದಿಟ್ಟುಕೊಳ್ಳಲಿ.

◆ ಅಮೆರಿಕದ ಕಾಲೇಜು ಸೀಸನ್ ನವೆಂಬರ್‌ನಲ್ಲಿ ಶುರುವಾಗಿ ಏಪ್ರಿಲ್ ಮೊದಲ ವಾರ ಮುಗಿಯುತ್ತದೆ. ಕೊನೆಯ ಟೂರ್ನಿಗೆ 68 ತಂಡ. ಒಂದು ಸೋತರೆ ಮನೆಗೆ. ಪುರುಷರ ಟೂರ್ನಿ ಆರಂಭವಾದ 1939ರಲ್ಲಿ ಇದ್ದದ್ದು ಎಂಟೇ ತಂಡ.

◆ ಅಲ್ಲಿನ ಅಭಿಮಾನಿಗಳು ಟೂರ್ನಿಗೆ ಮುಂಚೆ ಅಷ್ಟೂ ಪಂದ್ಯಗಳ ಗೆಲುವನ್ನು ಕಾಗದದ ಮೇಲೆ ಊಹಿಸಿಡುತ್ತಾರೆ. ಆರಂಭಿಕ ಸುತ್ತು ಬಿಟ್ಟರೆ 64 ತಂಡ, 63 ಪಂದ್ಯ. ಎಲ್ಲವನ್ನೂ ಕಣ್ಣುಮುಚ್ಚಿ ಸರಿ ಹೇಳುವ ಸಾಧ್ಯತೆ 92,23,37,20,36,85,47,75,808ರಲ್ಲಿ ಒಂದು. 2019ರಲ್ಲಿ ಒಬ್ಬರು ಮೊದಲ 49 ಪಂದ್ಯ ಸರಿಯಾಗಿ ಹೇಳಿದ್ದರು. ಐವತ್ತನೆಯದು ಕೈಕೊಟ್ಟಿತು.

◆ ಸೀಸನ್ನಿನ ಕಥೆ ಅಂದರೆ ನನಗೆ ವರ್ಜೀನಿಯಾದ್ದೇ ಕಥೆ. ಟೂರ್ನಿಯ ನಾಲ್ಕು ಭಾಗಗಳಲ್ಲೂ ತಂಡಗಳಿಗೆ 1ರಿಂದ 16ರವರೆಗೆ ಕ್ರಮಾಂಕ ಕೊಡುತ್ತಾರೆ. 1ಕ್ಕೂ 16ಕ್ಕೂ ಮೊದಲ ಪಂದ್ಯ. ಪುರುಷರ ಟೂರ್ನಿಯಲ್ಲಿ 16ರವರು 1ರವರನ್ನು ಒಮ್ಮೆಯೂ ಸೋಲಿಸಿರಲಿಲ್ಲ. 2018ರ ಮಾರ್ಚ್ 16ರ ರಾತ್ರಿ ಅದು ಆಗಿಹೋಯಿತು. ಮೇರಿಲ್ಯಾಂಡ್‌ನ ಬಾಲ್ಟಿಮೋರ್ ಕೌಂಟಿ ಕ್ಯಾಂಪಸ್ಸಿನ ಹುಡುಗರು ವರ್ಜೀನಿಯಾವನ್ನು ಒಂದೆರಡಲ್ಲ, 20 ಅಂಕಗಳ ಅಂತರದಿಂದ ಮಣಿಸಿದರು, 74–54. ದೇಶದಲ್ಲೇ ಅಗ್ರಸ್ಥಾನದಲ್ಲಿದ್ದ ತಂಡ ಒಂದು ರಾತ್ರಿಯಲ್ಲಿ ಎಲ್ಲರ ಬಾಯಿಗೆ ಬಿತ್ತು. ಅದರ ಕೋಚ್ ಬದಲಾಗಲಿಲ್ಲ, ಮುಖ್ಯ ಆಟಗಾರರಲ್ಲಿ ಹೆಚ್ಚಿನವರು ಬಿಟ್ಟು ಹೋಗಲಿಲ್ಲ. ಮರುವರ್ಷ, 2019ರಲ್ಲಿ, ಅದೇ ವರ್ಜೀನಿಯಾ ಹೆಚ್ಚುವರಿ ಅವಧಿಗೆ ಹೋದ ಫೈನಲ್‌ನಲ್ಲಿ ಟೆಕ್ಸಸ್ ಟೆಕ್ ತಂಡವನ್ನು 85–77ರಿಂದ ಸೋಲಿಸಿ ಚಾಂಪಿಯನ್ ಆಯಿತು. ಆ ವರ್ಷ ಪೂರ್ತಿ ಚುಚ್ಚುಮಾತು ಕೇಳಿಸಿಕೊಂಡೂ ತಂಡದ ಅಂಗಿ ಬಿಚ್ಚದ ಅಭಿಮಾನಿಗಳನ್ನು ನೆನೆದರೆ ನನ್ನ ಎದೆ ತುಂಬಿ ಬರುತ್ತದೆ.

◆ ಅದೇ ಆಟಗಾರರನ್ನು ನಂಬಿ ಮರುವರ್ಷದವರೆಗೆ ಹಾಗೆ ಕಾದು ಕೂರುವುದು ಅಭಿಮಾನಿಗಳಿಗೆ ಇನ್ನು ಕಷ್ಟ. 2018ರ ಅಕ್ಟೋಬರ್‌ನಿಂದ ಆಟಗಾರರು ಬೇರೆ ಕಾಲೇಜಿಗೆ ಹೋಗಲು ಒಂದು ಪೋರ್ಟಲ್‌ನಲ್ಲಿ ಹೆಸರು ಹಾಕಿದರೆ ಸಾಕು. 2021ರ ಜುಲೈಯಿಂದ ತಮ್ಮ ಹೆಸರು, ಚಿತ್ರ ಬಳಸುವವರಿಂದ ಹಣ ಪಡೆಯಲೂ ಬಹುದು. ದಶಕಗಟ್ಟಲೆ ಕ್ರೀಡಾಂಗಣ ತುಂಬಿಸಿದ ಹುಡುಗರಿಗೆ ಕಾಸು ಸಿಕ್ಕಿದ್ದು ನ್ಯಾಯವೇ.

◆ ಡ್ಯೂಕ್ ವಿಶ್ವವಿದ್ಯಾಲಯದ ಕ್ರೀಡಾಂಗಣದಲ್ಲಿ 9,314 ಜನ ಹಿಡಿಸುತ್ತಾರೆ. ದೊಡ್ಡ ಪಂದ್ಯಕ್ಕೆ ವಿದ್ಯಾರ್ಥಿಗಳು ವಾರಗಟ್ಟಲೆ ಮುಂಚೆ ಬಂದು, ಚಳಿಯಲ್ಲೇ ಹೊರಗೆ ಗುಡಾರ ಹಾಕುತ್ತಾರೆ. 1986ರಿಂದ ನಡೆದು ಬಂದ ಪದ್ಧತಿ ಇದು. ಜಾತ್ರೆಗೆ ಗಾಡಿ ಕಟ್ಟಿಕೊಂಡು ಬಂದು ಬೀಡು ಬಿಟ್ಟವರನ್ನು ಕಂಡವರಿಗೆ ಈ ಭಕ್ತಿ ಬೇಗ ಅರ್ಥವಾಗುತ್ತದೆ.

◆ ಇಂಡಿಯಾನಾದ ಟೇಲರ್ ವಿಶ್ವವಿದ್ಯಾಲಯದಲ್ಲಿ ಡಿಸೆಂಬರ್‌ನ ಒಂದು ರಾತ್ರಿ ಅಭಿಮಾನಿಗಳು ತಮ್ಮ ತಂಡ ಹತ್ತನೆಯ ಅಂಕ ಗಳಿಸುವವರೆಗೆ ಉಸಿರೂ ಬಿಡದಂತೆ ಸುಮ್ಮನಿರುತ್ತಾರೆ. ಶೂ ಉಜ್ಜುವ ಸದ್ದೂ ಕೇಳುತ್ತದೆ. ಹತ್ತಾದ ಕೂಡಲೇ ಛಾವಣಿ ಹಾರಿಹೋಗುವಂಥ ಕೂಗು!

◆ ಒಳಾಂಗಣ ಪಂದ್ಯದ ಗದ್ದಲಕ್ಕೆ ದಾಖಲೆ ಬರೆದದ್ದು ಕ್ಯಾನ್ಸಸ್ ವಿಶ್ವವಿದ್ಯಾಲಯ: 2017ರ ಫೆಬ್ರುವರಿಯಲ್ಲಿ 130.4 ಡೆಸಿಬಲ್. ಅದೇ ಕ್ಯಾನ್ಸಸ್‌ನಲ್ಲಿ ಮೊದಲ ಕೋಚ್ ಆಗಿದ್ದವರು ಆಟವನ್ನು ಹುಟ್ಟಿಸಿದ ನೈಸ್ಮಿತ್. ಅವರ ಲೆಕ್ಕ 55 ಗೆಲುವು, 60 ಸೋಲು. ಗೆಲುವಿಗಿಂತ ಸೋಲು ಹೆಚ್ಚಿರುವ ಕ್ಯಾನ್ಸಸ್ ಕೋಚ್ ಇವತ್ತಿಗೂ ಅವರೊಬ್ಬರೇ.

◆ ನಮ್ಮ ದೇಶಕ್ಕೆ ಈ ಆಟ ತಂದವರು ವೈ.ಎಂ.ಸಿ.ಎ.ಯವರು. ಹ್ಯಾರಿ ಕ್ರೋ ಬಕ್ ಮದ್ರಾಸಿನಲ್ಲಿ ದೈಹಿಕ ಶಿಕ್ಷಣ ಕಾಲೇಜು ತೆರೆದದ್ದು 1920ರಲ್ಲಿ. ದಕ್ಷಿಣದ ಎಷ್ಟೋ ಶಾಲೆಗಳ ಪಿ.ಟಿ. ಮಾಸ್ತರರು ಅಲ್ಲಿ ಕಲಿತು ಬಂದವರು.

◆ ಭಾರತ ಒಲಿಂಪಿಕ್ಸ್‌ನಲ್ಲಿ ಬ್ಯಾಸ್ಕೆಟ್‌ಬಾಲ್ ಆಡಿದ್ದು ಒಂದೇ ಸಲ, 1980ರ ಮಾಸ್ಕೋದಲ್ಲಿ. 12 ತಂಡಗಳಲ್ಲಿ 12ನೆಯ ಸ್ಥಾನ.

◆ 2014ರ ಜುಲೈನಲ್ಲಿ ಚೀನಾದ ವುಹಾನ್‌ನಲ್ಲಿ, ಚೀನಾದ ಜನರೆದುರೇ, ನಮ್ಮ ಪುರುಷರು ಚೀನಾವನ್ನು 65–58ರಲ್ಲಿ ಸೋಲಿಸಿದರು.

◆ 2017ರ ಜುಲೈನಲ್ಲಿ ಬೆಂಗಳೂರಿನ ಶ್ರೀ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಮಹಿಳೆಯರ ಏಷ್ಯಾ ಕಪ್ ‘ಬಿ’ ವಿಭಾಗದ ಫೈನಲ್. ಕಜಕಸ್ತಾನ್ ಎದುರು ಭಾರತ 75–73. ಎರಡೇ ಅಂಕದ ಈ ಗೆಲುವಿನಿಂದ ನಮ್ಮವರು ಮೇಲಿನ ವಿಭಾಗಕ್ಕೆ ಏರಿದರು. 2019ರಲ್ಲಿ ಮೇಲಿನ ವಿಭಾಗದ ಟೂರ್ನಿಯೇ ಬೆಂಗಳೂರಿಗೆ ಬಂತು. ಚೀನಾವನ್ನು 71–68ರಲ್ಲಿ ಸೋಲಿಸಿದ ಜಪಾನ್‌ಗೆ ಕಪ್.

◆ ಅಮೆರಿಕದ ಕಾಲೇಜು ತಂಡದಲ್ಲಿ ಬೆಂಗಳೂರಿನ ಹುಡುಗಿಯೂ ಆಡಿದ್ದಾಳೆ. ಸಂಜನಾ ರಮೇಶ್ 2019ರಲ್ಲಿ ವಿದ್ಯಾರ್ಥಿವೇತನದ ಮೇಲೆ ನಾರ್ದರ್ನ್ ಅರಿಜೋನಾ ವಿಶ್ವವಿದ್ಯಾಲಯ ಸೇರಿದರು. ಆ ಊರು ಫ್ಲ್ಯಾಗ್‌ಸ್ಟಾಫ್, ಸಮುದ್ರಮಟ್ಟದಿಂದ ಸುಮಾರು 7,000 ಅಡಿ ಮೇಲೆ. ನಮ್ಮ ಮುಳ್ಳಯ್ಯನಗಿರಿಗಿಂತ ಎತ್ತರದಲ್ಲಿ, ತೆಳುವಾದ ಗಾಳಿಯಲ್ಲಿ ಓಡಿ ಆಡಬೇಕು.

◆ ನಮ್ಮ ಕಾಲೇಜು ಆಟಗಾರರ ದಾರಿ ಹೀಗಿದೆ: ಮೊದಲು ಅಂತರ ಕಾಲೇಜು, ಅಲ್ಲಿ ಆಯ್ಕೆಯಾದರೆ ವಿಶ್ವವಿದ್ಯಾಲಯದ ತಂಡ, ಆಮೇಲೆ ದಕ್ಷಿಣ ವಲಯ, ಅಲ್ಲಿ ದಾಟಿದರೆ ಅಖಿಲ ಭಾರತ. ವಿಶ್ವವಿದ್ಯಾಲಯದ ತಂಡಕ್ಕೆ ಆಡಿದವರನ್ನು ‘ಯೂನಿವರ್ಸಿಟಿ ಬ್ಲೂ’ ಎನ್ನುತ್ತೇವೆ. ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್‌ನ ಕ್ರೀಡಾಪಟುಗಳು ತೊಡುತ್ತಿದ್ದ ನೀಲಿ ಬಣ್ಣದಿಂದ ಬಂದ ಮಾತು ಅದು.

◆ ರಾಯಚೂರು, ಮಾನ್ವಿ, ದೇವದುರ್ಗದ ಕಾಲೇಜು ಹುಡುಗರು ಬಹುಕಾಲ ಬ್ಲೂ ಆಗಬೇಕಾಗಿದ್ದು 1980ರಲ್ಲಿ ಹುಟ್ಟಿದ ಗುಲಬರ್ಗಾ ವಿಶ್ವವಿದ್ಯಾಲಯದ ಹೆಸರಲ್ಲಿ. ರಾಯಚೂರಿಗೆ ತನ್ನದೇ ವಿಶ್ವವಿದ್ಯಾಲಯ ಬಂದದ್ದು 2021ರಲ್ಲಿ. ಎದೆಯ ಮೇಲೆ ರಾಯಚೂರು ಎಂದು ಬರೆದ ಅಂಗಿ ತೊಟ್ಟು ವಲಯ ಮಟ್ಟಕ್ಕೆ ಹೋಗುವ ಭಾಗ್ಯ ಈಗಿನವರದ್ದು. ಮುಂದಿನ ಅಂತರ ಕಾಲೇಜು ಪಂದ್ಯಕ್ಕೆ ದಯವಿಟ್ಟು ಹೋಗಿ ನೋಡಿ. ಮಗ ಬೆಂಚಿನ ಮೇಲೆ ಕೂತಿದ್ದರೂ ಹೋಗಿ.

◆ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟ 2022ರಲ್ಲಿ ನಡೆದದ್ದು ಬೆಂಗಳೂರಿನಲ್ಲಿ. ಆತಿಥೇಯ ಜೈನ್ ವಿಶ್ವವಿದ್ಯಾಲಯ 20 ಚಿನ್ನ ಗೆದ್ದು ಸಮಗ್ರ ಚಾಂಪಿಯನ್ ಆಯಿತು.

◆ ಕಬಡ್ಡಿಗೆ ನಮ್ಮ ಎರೆ ಮಣ್ಣಾದೀತು, ಬ್ಯಾಸ್ಕೆಟ್‌ಬಾಲ್‌ಗೆ ಆಗದು. ಚೆಂಡು ಪುಟಿಯಲು ನೆಲ ಗಟ್ಟಿ ಬೇಕು. ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಅದರ ಮೇಲೆ ನೇರ ಕಾಂಕ್ರೀಟ್ ಹಾಕಿದರೆ ಮೇಲಿನ ನೆಲವೂ ಸೀಳುತ್ತದೆ. ಎರೆ ತೆಗೆದು, ಗರಸು ತುಂಬಿ, ನೀರು ಹಾಕಿ ದಮ್ಮಸ್ಸು ಮಾಡಿ, ಆಮೇಲೆ ಕಾಂಕ್ರೀಟ್ ಹಾಕಬೇಕು. ಕಾಲೇಜಿನಲ್ಲಿ ಅಂಕಣ ಮಾಡಿಸುವವರು ಈ ಖರ್ಚು ಉಳಿಸಲು ಹೋಗಬಾರದು. ಬಿರುಕಿಗೆ ಕಾಲು ಸಿಕ್ಕು ಹೊರಳಿದರೆ ಆ ಹುಡುಗಿಯ ಸೀಸನ್ ಅಲ್ಲಿಗೇ ಮುಗಿಯಿತು.

◆ ಮಣ್ಣಿನ ಮೇಲೆ ಒಲಿಂಪಿಕ್ಸ್ ಫೈನಲ್ಲೇ ನಡೆದದ್ದುಂಟು. 1936ರಲ್ಲಿ ಬರ್ಲಿನ್‌ನಲ್ಲಿ ಬ್ಯಾಸ್ಕೆಟ್‌ಬಾಲ್ ಮೊದಲ ಸಲ ಪದಕದ ಆಟವಾಯಿತು. ನೈಸ್ಮಿತ್‌ರಿಗೆ ಆಗ 74 ವರ್ಷ, ಹೋಗಿಬರುವ ಹಣ ಅವರಲ್ಲಿರಲಿಲ್ಲ. ಕಾಲೇಜು ಕೋಚ್‌ಗಳ ಸಂಘ ಒಂದು ಉಪಾಯ ಮಾಡಿತು. ಆ ಸೀಸನ್ನಿನ ಪಂದ್ಯಗಳ ಟಿಕೆಟ್‌ಗಳಿಂದ ಒಂದೊಂದು ಸೆಂಟ್ ತೆಗೆದಿಟ್ಟರು. ಪಂದ್ಯ ನೋಡಲು ಬಂದವರ ಚಿಲ್ಲರೆ ಕಾಸಿನಲ್ಲಿ ಮುದುಕರು ಹಡಗು ಹತ್ತಿದರು. ಬರ್ಲಿನ್‌ನ ಮೊದಲ ಪಂದ್ಯ ಎಸ್ಟೋನಿಯಾ ಮತ್ತು ಫ್ರಾನ್ಸ್ ನಡುವೆ, ಚೆಂಡು ಮೇಲೆಸೆದದ್ದು ಅವರ ಕೈಯಿಂದಲೇ. ಇಪ್ಪತ್ತಕ್ಕೂ ಹೆಚ್ಚು ದೇಶದ ಹುಡುಗರು ಅಲ್ಲಿ ಆಡಿದರು. ಫೈನಲ್ ದಿನ ಜೋರು ಮಳೆ. ಟೆನಿಸ್ ಅಂಕಣದ ಮಣ್ಣು ಕೆಸರಾಗಿ ಚೆಂಡು ಪುಟಿಯಲೇ ಇಲ್ಲ. ಅಮೆರಿಕ 19, ಕೆನಡಾ 8. ಪೀಚ್ ಬುಟ್ಟಿಗೆ ಮೊಳೆ ಹೊಡೆದಿದ್ದ ಕೈ, ಗೆದ್ದವರಿಗೂ ಸೋತವರಿಗೂ ಪದಕ ಕೊಟ್ಟಿತು.